ಧನ್ಯಕುಮಾರನ ಪಾಳಿ

೨೦೦೪ರ ಫೆಬ್ರುವರಿ ೧೭, ಮಂಗಳವಾರ. ಗೋಕಾಕ ಠಾಣೆಯ ಪಿಎಸ್‌ಐ ದಾದಾಸಾಹೇಬ ಮಗದುಮ್ ಅವರ ಮುಂದಿನ ಚಹಾ ಆರುತ್ತಿತ್ತು. ಬೆಳಗಿನಿಂದ ಒಂದು ಬದುವಿನ ಜಗಳ, ಒಂದು ಸೈಕಲ್ ಕಳವು, ಅಳಿಯನ ಮೇಲೆ ಅತ್ತೆಯೊಬ್ಬಳ ಫಿರ್ಯಾದಿ, ಇಷ್ಟು ಮುಗಿಸುವಷ್ಟರಲ್ಲಿ ಅವರ ತಲೆ ಗಿಂವ್ ಅನ್ನುತ್ತಿತ್ತು. ಆಗ ಬಿಳಿ ಕೋಟಿನ ಹೆಣ್ಣುಮಗಳೊಬ್ಬರು ಹೇಳದೆ ಕೇಳದೆ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂತರು.

“ನಾ ಡಾಕ್ಟರ್ ಶ್ರದ್ಧಾ ಅಂತ. ಒಬ್ಬ ಮನಷ್ಯಾನ್ನ ಹುಡುಕಿ ಕೊಡ್ರಿ. ಲಗೂನ ಬೇಕು.”

“ಕಳದಾನೇನ್ರಿ?”

“ಓಡಿ ಹೋಗ್ಯಾನ್ರಿ. ಬಲಗಣ್ಣಿನಾಗ ರಕ್ತಾ ಬರಾಕತ್ತಿತ್ತು. ಇವತ್ತ, ತಪ್ಪಿದರ ನಾಳಿ ಮುಂಜಾನಿ ಒಳಗ ಆಪರೇಶನ್ ಆದರ ಅಷ್ಟಿಷ್ಟ ಉಳೀತದ. ಇಲ್ಲಂದ್ರ ಪೂರಾ ಕುಡ್ಡ ಆಗ್ತಾನ. ಎಡಗಣ್ಣು ಮೊದಲ ಹೋಗೇತಿ ಅವಂದು.”

ಮಗದುಮ್ ಚಹಾ ಬದಿಗಿಟ್ಟರು.

ಡಾಕ್ಟರ್ ಹೇಳಿದ ಸಂಗತಿ ಇಷ್ಟು. ಹುಕ್ಕೇರಿ ತಾಲೂಕಿನಲ್ಲಿ ಸಿಂಗದಟ್ಟಿ ಎಂಬ ಸಣ್ಣ ಊರು. ಅಲ್ಲಿ ಹಿಂದೆ ಟಾರ್ಚಿನ ಹಳೇ ಸೆಲ್ ಒಡೆಯುವ ಶೆಡ್ ಇತ್ತು. ಸೆಲ್ಲಿನ ಹೊಟ್ಟೆಯಲ್ಲಿರುವ ಕರಿ ಪುಡಿಯಲ್ಲಿ ಮ್ಯಾಂಗನೀಸ್ ಅನ್ನುವ ಲೋಹ. ವರ್ಷಗಟ್ಟಲೆ ಆ ಪುಡಿ ಗಾಳಿಗೆ ಹಾರಿತು, ಬಾವಿಗೆ ಇಳಿಯಿತು, ಕೊನೆಗೆ ಊರವರ ಮೆದುಳಿಗೆ ಸೇರಿತು. ಜನ ಕಟ್ಟಿಗೆಯ ಹಾಗೆ ಬಿಗಿದುಕೊಂಡರು, ಮುಖದಲ್ಲಿ ಅಳು ನಗು ಮೂಡದಾಯಿತು. ನಡೆಯುವವರು ನಿಂತಲ್ಲೇ ಹಿಂದಕ್ಕೆ ಬೀಳತೊಡಗಿದರು. ಊರ ತುಂಬ ಕುಡುಕರೇ ಅಂತ ಸುತ್ತಲಿನವರು ನಕ್ಕರು. ಇದನ್ನು ಅಭ್ಯಾಸ ಮಾಡಲು ಬಂದ ವೈದ್ಯರ ತಂಡ ಪುಣೆಯಿಂದ ದೊಡ್ಡದೊಂದು ಲಾರಿ ತರಿಸಿ ಗೋಕಾಕದ ಮೈದಾನದಲ್ಲಿ ನಿಲ್ಲಿಸಿತ್ತು. ಲಾರಿಯೊಳಗೆ ಎಮ್‌ಆರ್‌ಐ ಯಂತ್ರ. ಸಿಂಗದಟ್ಟಿಯವರ ಮೆದುಳಿನ ಚಿತ್ರ ಒಂದು ಕಡೆ; ಹೋಲಿಸಿ ನೋಡಲು ಮೂಡಲಗಿ ಕಡೆಯ ಗಟ್ಟಿಮುಟ್ಟು ರೈತರ ಮೆದುಳಿನ ಚಿತ್ರ ಇನ್ನೊಂದು ಕಡೆ.

“ಇವತ್ತ ಬಂದಾವ ಮೂಡಲಗಿ ಕಡೀಯಂವ. ಹೆಸರು ಧನ್ಯಕುಮಾರ. ಕೈಯಾಗ ನಾವು ಕೊಟ್ಟ ಪಾಳಿ ಚೀಟಿ ಇತ್ತು. ಜೋಡಿ ಒಬ್ಬಾಕಿ ಮುದುಕಿ, ಅವರವ್ವ ಅಂದ್ಲು. ಆ ಯಂತ್ರ ಅಂದರ ದೊಡ್ಡ ಅಯಸ್ಕಾಂತರಿ ಸಾಹೇಬ್ರ. ಮೈಯಾಗ ಕಬ್ಬಿಣ ಇದ್ದವ್ರು ಒಳಗ ಹೋಗಂಗಿಲ್ಲ. ಎಲ್ಲಾ ಕೇಳಿದ್ವಿ. ಕಣ್ಣಾಗ ಯಾವಾಗರ ಕಬ್ಬಿಣದ ಚೂರು ಹೊಕ್ಕಿತ್ತೇನು? ಇಲ್ಲ ಅಂದ. ಎಡಗಣ್ಣಿಗೇನಾತು? ಜ್ವಾಳದ ಕೂಳಿ ಚುಚ್ಚಿತ್ತು ಅಂದ.”

“ಮತ್ತ?”

“ಚಿತ್ರ ಮುಗಿಯೂತನಕ ಕಲ್ಲಿನಂಗ ಮಲಗಿದ್ದ. ಹೊರಗ ಎಳದ ಕೂಡಲೇ ಚೀರಿದ. ಬಲಗಣ್ಣಾಗ ರಕ್ತ. ಚೂರು ಇತ್ತರಿ ಒಳಗ. ನಾ ಕಣ್ಣಿನ ಡಾಕ್ಟರಿಗೆ ಫೋನ್ ಹಚ್ಚೂದರಾಗ ಆ ಮುದುಕಿ ಅವನ ಕೈ ಹಿಡದು ರಿಕ್ಷಾದಾಗ ಹಾಕ್ಕೊಂಡು ಹೋಗೇಬಿಟ್ಲು.”

ಫಿರ್ಯಾದಿ ಬರೆದುಕೊಂಡದ್ದು ಹನ್ನೆರಡೂಕಾಲಿಗೆ. ಗಾಯಗೊಂಡವನನ್ನು ಕರೆದುಕೊಂಡು ಓಡಿದವರನ್ನು ಪತ್ತೆ ಹಚ್ಚುವುದು ಅಂತ ಮಗದುಮ್ ಕೆಳಗೆ ಟಿಪ್ಪಣಿ ಹಾಕಿದರು. ಯಾವ ಕಲಮು ಹಚ್ಚಬೇಕೋ ಅವರಿಗೇ ತಿಳಿದಿರಲಿಲ್ಲ.

ಮೈದಾನದ ಲಾರಿಯಲ್ಲಿ ಸ್ಥಳ ಪಂಚನಾಮೆ. ಕಾನ್‌ಸ್ಟೇಬಲ್ ಸೋಮಪ್ಪ ಸೀಟಿ, ಬೆಲ್ಟು, ಕಬ್ಬಿಣದ ಕಟ್ಟಿನ ಲಾಠಿ ಸಮೇತ ಒಳಗೆ ಕಾಲಿಡಲು ಹೋದ. ಪುಣೆಯ ಟೆಕ್ನಿಶಿಯನ್ “ಥಾಂಬಾ! ಥಾಂಬಾ!” ಅಂತ ಅರಚಿ ಅವನ ಎದೆಗೇ ಕೈಯಿಟ್ಟು ತಡೆದ. ಪೊಲೀಸಿನವನ ಎದೆಗೆ ಕೈಯಿಡುವವನು ಹುಟ್ಟಿಲ್ಲವೆಂದು ಸೋಮಪ್ಪ ನಂಬಿದ್ದ ಕಾಲ ಅದು. ಆದರೂ ಬೆಲ್ಟು ಬಿಚ್ಚಿಟ್ಟು, ಜಾರುವ ಪ್ಯಾಂಟು ಒಂದು ಕೈಲಿ ಹಿಡಿದುಕೊಂಡೇ ಪಂಚನಾಮೆ ಬರೆಯಲು ಕೂತ.

ಬಟ್ಟೆ ಬದಲಿಸುವ ಮೂಲೆಯಲ್ಲಿ ಅವಸರದಲ್ಲಿ ಬಿಟ್ಟುಹೋದ ಸಾಮಾನಿತ್ತು. ಒಂದು ಖಾಕಿ ಅಂಗಿ. ಒಂದು ಜೊತೆ ಚಪ್ಪಲಿ. ಲೋಹದ ವಸ್ತು ತೆಗೆದಿಡುವ ತಟ್ಟೆಯಲ್ಲಿ ದಾರ ಪೋಣಿಸಿದ ಬೆಳ್ಳಿಯದೊಂದು ಗುಂಡನೆಯ ಡಬ್ಬಿ. ಅದನ್ನು ಕಂಡದ್ದೇ ಸೋಮಪ್ಪನ ಪೆನ್ನು ನಿಂತಿತು.

“ಸರ್, ಇದು ಲಿಂಗದ ಕರಡಿಗಿರಿ. ಒಳಗ ಲಿಂಗ ಐತಿ. ಕೊರಳಾಗಿನ ಲಿಂಗಾ ಬಿಟ್ಟು ಹ್ಯಾಂಗ ಹೋದ್ನರಿ ಆ ಪುಣ್ಯಾತ್ಮ? ನಾವು ಜೀವಾ ಬಿಟ್ಟೇವು, ಇದನ್ನ ಬಿಡೂದಿಲ್ಲ.”

“ಅದು ಇರಲಿ. ಧನ್ಯಕುಮಾರನ ಕೊರಳಾಗ ಲಿಂಗ ಎಲ್ಲಿಂದ ಬಂತೋ?” ಅಂದರು ಮಗದುಮ್. ಅವರು ಸ್ವತಃ ಜೈನರ ಮನೆತನದವರು, ದಿನಾ ಬಸದಿಗೆ ಹೋಗುವ ತಾಯಿಯ ಮಗ. “ಅದು ನಮ್ಮ ಮಂದೀ ಹೆಸರು. ಚೀಟಿಯಾಗಿನಂವ ಬ್ಯಾರೆ, ಯಂತ್ರದಾಗ ಹೊಕ್ಕಂವ ಬ್ಯಾರೆ.”

ಅಂಗಿಯನ್ನು ಬೆಳಕಿಗೆ ಹಿಡಿದರು. ಎದೆ, ತೋಳಿನ ತುಂಬ ಸಾಸಿವೆ ಗಾತ್ರದ ಸುಟ್ಟ ತೂತುಗಳು.

“ಬೀಡಿ ಸೇದಾಂವ ಇರಬೇಕ್ರಿ,” ಅಂದ ಸೋಮಪ್ಪ.

“ತೋಳಿನಿಂದ ಬೀಡಿ ಸೇದತಾನೇನು? ವೆಲ್ಡಿಂಗ್ ಕಿಡಿ ಇವು.”

ಆದರೆ ಯಾವ ವೆಲ್ಡರ್? ಯಾವ ಊರವ? ಹಿಡಿಯಲು ಎಳೆಯೆಂದರೆ ಆ ಚೀಟಿ ಒಂದೇ. ಜೀಪು ಮೂಡಲಗಿಯ ಕಡೆ ತಿರುಗಿತು. ತಪ್ಪು ದಿಕ್ಕಿಗೆ ಹೋಗುತ್ತಿದ್ದೇವೆ ಅಂತ ಮಗದುಮ್ ಅವರಿಗೆ ಅನಿಸುತ್ತಲೇ ಇತ್ತು. ಗಾಯಗೊಂಡವನು ಎಲ್ಲಿದ್ದರೂ ಮೂಡಲಗಿಯಲ್ಲಂತೂ ಇರಲಾರ. ಹೋಗದೆ ಗತಿಯೂ ಇರಲಿಲ್ಲ.

ಧನ್ಯಕುಮಾರ ಕಬ್ಬಿನ ಹೊಲದಲ್ಲಿ ಕಾಲುವೆ ನೀರು ತಿರುವುತ್ತಿದ್ದ. ಎರಡೂ ಕಣ್ಣು ಹೊಳೆಹೊಳೆಯುತ್ತಿದ್ದವು. ಜೀಪು ನೋಡಿ ಸಲಿಕೆ ಕೆಳಗಿಟ್ಟ.

“ಧನ್ಯಕುಮಾರ ನೀನ ಏನು?”

“ಹೌದ್ರಿ ಸಾಹೇಬ್ರ.”

“ಇವತ್ತ ಮುಂಜಾನಿ ಎಲ್ಲಿದ್ದಿ?”

“ಇಲ್ಲೇ ರಿ. ನೀರಿನ ಪಾಳಿ ಇತ್ತು.”

“ಗೋಕಾಕದಾಗೂ ನಿಂದೊಂದು ಪಾಳಿ ಇತ್ತಲ್ಲ, ಯಂತ್ರದ್ದು?”

ಅವನು ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಮುಖ ಒರೆಸಿಕೊಂಡ. “ಬಿಟ್ಟು ಕೊಟ್ಟೆನ್ರಿ.”

“ಯಾರಿಗೆ?”

“ಹೋದ ವರ್ಷ ನನ್ನ ಟ್ರಾಲಿ ವೆಲ್ಡಿಂಗ್ ಮಾಡಿದ್ನರಿ ಒಬ್ಬಂವ, ಯಮಕನಮರಡಿ ಹೈವೇ ಬಾಜೂ ಅಂಗಡಿಯಾಗ. ಆ ಅಂಗಡಿ ಈಗ ಮುಚ್ಚೇತಿ. ಮೊನ್ನಿ ಅವರವ್ವನ್ನ ಕರಕೊಂಡು ಮನಿಗೆ ಬಂದಿದ್ದ. ನನಗ ಪಾಳಿ ಬಂದೈತಿ ಅಂತ ಹ್ಯಾಂಗೋ ಕೇಳಿದ್ರಂತ. ನಿಂತಲ್ಲೆ ಹಿಂದಕ್ಕ ಬೀಳತಿದ್ದ ಪಾಪ. ನನಗೇನ್ರಿ, ಆರಾಮ ಇದ್ದೇನಿ. ಒಣಗಿದ ಹೊಲದಂವ ಬಂದು ಕೇಳಿದರ ನೀರಿನ ಪಾಳಿ ಬಿಡೂದಿಲ್ಲೇನ್ರಿ? ಹಂಗ ಬಿಟ್ಟೆ. ಚೀಟಿ ಕೈಯಾಗ ಕೊಟ್ಟೆ.”

“ರೊಕ್ಕಾ ತಗೊಂಡೇನು?”

“ಛೇ! ದಾನ ಕೊಟ್ಟದ್ದಕ್ಕ ರೊಕ್ಕಾ ತಗೋತಾರೇನ್ರಿ?”

“ಹೆಸರೇನು ಅವಂದು?”

“ಕೇಳಿಲ್ರಿ.”

“ಊರು?”

“ಅದೂ ಕೇಳಿಲ್ರಿ. ಕೊಡುವಾಗ ಕುಲಾ ಗೋತ್ರಾ ಕೇಳಬಾರದು ಅಂತ ನಮ್ಮ ಆಯಿ ಹೇಳತಿದ್ಲು.”

ಮಗದುಮ್‌ರಿಗೆ ಅವನ ಕೆನ್ನೆಗೆ ಒಂದು ಬಾರಿಸುವಷ್ಟು ಸಿಟ್ಟು ಬಂತು. ಇದೇ ಮಾತು ತಮ್ಮ ಮನೆಯಲ್ಲೂ ಕೇಳಿ ಬೆಳೆದವರು ಅವರು, ಅದಕ್ಕೇ ಕೈ ಏಳಲಿಲ್ಲ. ಆ ಕಾಲುವೆ ಸೀಮೆಯಲ್ಲಿ ಪಾಳಿ ಬಿಟ್ಟುಕೊಡುವುದಕ್ಕಿಂತ ದೊಡ್ಡ ಉಪಕಾರ ಇರಲಿಲ್ಲ. ನೀರಿನ ಪಾಳಿಯಲ್ಲಿ ಹೊಲ ಯಾರದಾದರೂ ನೀರು ನೀರೇ. ಯಂತ್ರದ ಪಾಳಿಯಲ್ಲಿ ಒಳಗೆ ಮಲಗುವವನು ಯಾರು ಅನ್ನುವುದೇ ಎಲ್ಲ. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

“ಏನಾತ್ರಿ ಅವಗ?” ಧನ್ಯಕುಮಾರ ಕೇಳಿದ.

“ಕಣ್ಣು ಹೋಗಾಕತ್ತೇತಿ,” ಅಂದರು ಮಗದುಮ್. ಅವನು ಕೆಸರಿನಲ್ಲೇ ಕುಕ್ಕರಿಸಿದ. ಹಿಂದಿನಿಂದ ನೀರು ಒಡ್ಡು ದಾಟಿ ಪಕ್ಕದ ಹೊಲಕ್ಕೆ ಹರಿಯಿತು, ತಿರುವಲು ಅವನು ಏಳಲೇ ಇಲ್ಲ.

ನಿಂತಲ್ಲೇ ಹಿಂದಕ್ಕೆ ಬೀಳುವವನು ಅಂದದ್ದೇ ಸಿಂಗದಟ್ಟಿ ನೆನಪಾಗಿ, ಮೂಡಲಗಿ ಠಾಣೆಯಿಂದ ಮಗದುಮ್ ಡಾಕ್ಟರಿಗೆ ಫೋನ್ ಹಚ್ಚಿದರು. ಅತ್ತಲಿಂದ ಶ್ರದ್ಧಾ ಅವರೇ ಅವಸರದಲ್ಲಿ ಶುರು ಮಾಡಿದರು.

“ಸಾಹೇಬ್ರ, ನಾ ನಿಮ್ಮ ಫೋನಿನ ಹಾದೀನ ಕಾಯಾಕತ್ತಿದ್ದೆ. ಅವನ ಫಿಲ್ಮು ನೋಡಿದೆ. ಮೆದುಳಿನ ನಡುವ ಒಂದು ಜಾಗಾ ಐತಿ, ಆರಾಮ ಇದ್ದವರದು ಬೂದಿ ಬಣ್ಣ ಇರ್ತದ. ಸಿಂಗದಟ್ಟಿ ಮಂದೀದು ಬೆಳ್ಳಗ, ಬೆಳದಿಂಗಳ ಬಿದ್ದಂಗ. ಮೂಡಲಗಿಯವರೊಳಗ ಒಬ್ಬರದೂ ಹಂಗಿಲ್ಲ. ಇವಂದು ಬೆಳ್ಳಗ ಐತ್ರಿ.”

“ಅಂದರ ಆ ಊರಾವ.”

“ಆ ಊರಾವನ. ಹೆಬ್ಬೆಟ್ಟಿನ ಗುರುತಿಗಿಂತ ಗಟ್ಟಿ. ಮತ್ತ ಆ ಊರಾಗ ನಮ್ಮವ್ರು ಒಬ್ಬನ್ನ ತಿರುಗಿ ಕಳಿಸಿದ್ರು, ವೆಲ್ಡಿಂಗ್ ಕೆಲಸದಂವ, ಕಣ್ಣಾಗ ಚೂರು ಐತಿ ಅಂತ ಖರೆ ಹೇಳಿದ್ದ. ಈಶ್ವರ ಅಂತ. ಅವ್ವನ ಹೆಸರು ಕಾಶೆವ್ವ.”

ಒಮ್ಮೆ ಖರೆ ಹೇಳಿ ಬಾಗಿಲಿಂದ ತಿರುಗಿ ಬಂದವನು ಎರಡನೇ ಸಲ ಸುಳ್ಳು ಹೇಳಲು ಕಲಿತಿದ್ದ. ಮಗದುಮ್ ರಿಸೀವರ್ ಇಟ್ಟು ಜೀಪಿಗೆ ಓಡಿದರು. ದಾರಿಯಲ್ಲಿ ಗೋಕಾಕದಿಂದ ಮಹಿಳಾ ಪೇದೆ ಇಂದ್ರವ್ವಳನ್ನು ಹತ್ತಿಸಿಕೊಂಡರು. ಘಟಪ್ರಭೆಯ ರೈಲು ಗೇಟು ಬಿದ್ದಿತ್ತು. ಗೂಡ್ಸ್ ಗಾಡಿಯ ಡಬ್ಬಿಗಳು ಒಂದೊಂದಾಗಿ ದಾಟುವುದನ್ನು ನೋಡುತ್ತ ಮಗದುಮ್ ಎಂಜಿನ್ನಿಗೂ ಗಾರ್ಡಿಗೂ ಸೇರಿಸಿ ಬೈದರು.

ಸಿಂಗದಟ್ಟಿ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಊರ ಮುಂದಿನ ನೆಲ ಕರ್ರಗೆ, ಹುಲ್ಲು ಸಹ ಬೆಳೆಯದ ಹಾಗೆ ಸತ್ತಿತ್ತು. ಗೋಡೆಗಳ ಮೇಲೆ ಮಕ್ಕಳು ಸೆಲ್ಲಿನೊಳಗಿನ ಕರಿ ಕಡ್ಡಿಯಿಂದ ಬರೆದ ಆನೆ, ಬಸ್ಸು, ಅಆಇಈ. ಕಟ್ಟೆಯ ಮೇಲೆ ಕೂತ ಗಂಡಸರು ಜೀಪು ನೋಡಿ ಏಳಲು ಹವಣಿಸಿದರು, ಒಬ್ಬನಿಗೂ ಸಲೀಸಾಗಿ ಏಳಲಾಗಲಿಲ್ಲ. ಅವರ ಮುಖದಲ್ಲಿ ಹೆದರಿಕೆಯೂ ಇಲ್ಲ, ಕುತೂಹಲವೂ ಇಲ್ಲ.

ಈಶ್ವರನ ಹೆಂಡತಿ ಭಾಗ್ಯಾ ಬಾಗಿಲಲ್ಲಿ ನಿಂತಿದ್ದಳು. ಅಳುತ್ತಿದ್ದಳು. ಬೇರೆ ಊರಿಂದ ಮದುವೆಯಾಗಿ ಬಂದು ಬಹಳ ದಿನವಾಗಿರದ ಅವಳ ಮುಖಕ್ಕೆ ಇನ್ನೂ ಅಳುವ ಶಕ್ತಿ ಇತ್ತು.

“ಎಲ್ಲಿದ್ದಾನ?”

“ಶೆಡ್ಡಿನ್ಯಾಗ್ರಿ. ದವಾಖಾನಿಗೆ ಹೋಗೂಣು ಅಂತ ಕಾಲಿಗೆ ಬಿದ್ದೆ ರಿ. ಅತ್ತಿ ಕೇಳವಲ್ಲಳು. ಅರ್ಧಾ ಬಂದೈತಿ, ಪೂರ್ತಿ ತಗೀತೇನಿ ಅಂತಾಳ.”

ಶೆಡ್ಡಿನ ತಗಡು ಕಿತ್ತುಹೋಗಿತ್ತು. ಒಳಗೆ ಕಾಶೆವ್ವ ಕಾಲು ಚಾಚಿ ಕೂತಿದ್ದಳು. ಮಗನ ತಲೆ ಅವಳ ತೊಡೆಯ ಮೇಲೆ. ಅವಳ ಕೈಯಲ್ಲಿ ಹುರಿ ಕಟ್ಟಿದ, ಅಂಗೈಯಗಲದ ಹಳೇ ಅಯಸ್ಕಾಂತ. ಶೆಡ್ ನಡೆಯುವಾಗ ಕರಿ ಪುಡಿಯೊಳಗಿನ ತಗಡಿನ ಚೂರುಗಳನ್ನು ಅದರಿಂದಲೇ ಆರಿಸಿ ತೆಗೆಯುತ್ತಿದ್ದರು. ಅದನ್ನು ಮಗನ ಬಲಗಣ್ಣಿನ ರೆಪ್ಪೆಗೆ ಒತ್ತಿ ಹಿಡಿದು, ಮೆಲ್ಲಗೆ ಹೊರಗೆ ಎಳೆಯುತ್ತಿದ್ದಳು, ಮತ್ತೆ ಒತ್ತುತ್ತಿದ್ದಳು. ಕೆನ್ನೆಯ ಮೇಲೆ ರಕ್ತ ಒಣಗಿತ್ತು. ಈಶ್ವರ ಎಚ್ಚರವಿದ್ದ. ತುಟಿ ಕಚ್ಚಿ, ಮೈ ಅಲುಗದಂತೆ ಮಲಗಿದ್ದ.

“ಬಿಡಬೇ ಯವ್ವಾ! ಕೈ ತಗೀ!” ಮಗದುಮ್ ಕೂಗಿದ ರಭಸಕ್ಕೆ ಸೋಮಪ್ಪನೇ ಬೆಚ್ಚಿದ.

ಕಾಶೆವ್ವ ತಲೆಯೆತ್ತಿ ನೋಡಿದಳು. ಕಟ್ಟಿಗೆಯಲ್ಲಿ ಕೆತ್ತಿದಂಥ ಮುಖ. “ಸ್ವಲ್ಪ ತಡೀರಿ ಸಾಹೇಬ್ರ. ಬರಾಕತ್ತೇತಿ. ಇದರ ಶಕ್ತಿ ಸಾಲವಲ್ಲದು.”

ಎಂಥ ಕಟುಕ ಮುದುಕಿ ಅಂತ ಮಗದುಮ್‌ರಿಗೆ ಒಂದು ಕ್ಷಣ ಅನಿಸಿದ್ದು ನಿಜ. ಇಂದ್ರವ್ವ ಅವಳ ಕೈಯಿಂದ ಅಯಸ್ಕಾಂತ ಬಿಡಿಸಿಕೊಳ್ಳುವಾಗ ಆ ಬೆರಳುಗಳು ಥರಥರ ನಡುಗುತ್ತಿದ್ದುದು ಕಂಡಿತು. ಮುಖದಲ್ಲಿ ಮೂಡದ ಅಳು ಕೈಯಲ್ಲಿತ್ತು. ಅವಳ ತಲೆಯಲ್ಲೂ ಅದೇ ಬಿಳಿ ಕಲೆ ಇದೆಯೆಂದು ಹೇಳಲು ಯಾವ ಫಿಲ್ಮೂ ಬೇಕಿರಲಿಲ್ಲ.

ಅಯಸ್ಕಾಂತಕ್ಕೆ ಅಲ್ಲೇ ಜಪ್ತಿ ಪಂಚನಾಮೆ ಆಯಿತು. ಈಶ್ವರನನ್ನು ಜೀಪಿನಲ್ಲಿ ಮಲಗಿಸಿ ನೇರ ಬೆಳಗಾವಿಗೆ ಒಯ್ದರು. ಕಣ್ಣಿನ ಡಾಕ್ಟರು ಒಳಗೆ ಹೋಗಿ ಬಹಳ ಹೊತ್ತಿನ ಮೇಲೆ ಹೊರಬಂದರು. ಕಣ್ಣಿನ ಒಳಪದರು ಹರಿದುಹೋಗಿತ್ತು. ಯಂತ್ರ ಹರಿದದ್ದು ಒಂದಷ್ಟು, ಆಮೇಲೆ ಮತ್ತೆ ಮತ್ತೆ ಎಳೆದು ಹರಿದದ್ದು ಉಳಿದದ್ದು.

“ಮುಂಜಾನಿ ತಂದಿದ್ರ?” ಮಗದುಮ್ ಕೇಳಿದರು.

“ಮುಂಜಾನಿ ತಂದಿದ್ರ ಬೆಳಕು ಕತ್ತಲಿ ಆದರೂ ಗೊತ್ತಾಗತಿತ್ತು,” ಅಂದರು ಡಾಕ್ಟರು. ಮೂಡಲಗಿಯ ದಾರಿಯಲ್ಲಿ ಕಳೆದ ಹೊತ್ತೆಲ್ಲ ಮಗದುಮ್ ಅವರ ಎದೆಯ ಮೇಲೆ ಬಂದು ಕೂತಿತು.

ಮರುದಿನ ಈಶ್ವರ ಹೇಳಿಕೆ ಕೊಟ್ಟ. ಎರಡೂ ಕಣ್ಣಿಗೆ ಪಟ್ಟಿ ಇತ್ತು.

“ಒಳಗ ಹೋಗುವಾಗನ ನೋವಾತೇನು?”

“ಹೌದ್ರಿ. ಕಣ್ಣಾಗ ಕೆಂಡಾ ಇಟ್ಟಂಗಾತ್ರಿ.”

“ಆಗ ಯಾಕ ಚೀರಲಿಲ್ಲ? ಕೈಯಾಗ ಗುಂಡಿ ಕೊಟ್ಟಿದ್ರಲ್ಲ ಒತ್ತಾಕ?”

“ನೋವಾದರ ಲೋಹಾ ಕಿತ್ತು ಬರಾಕತ್ತೇತಿ ಅಂತ ತಿಳೀ, ಅಲಗಾಡಬ್ಯಾಡ ಅಂತ ಅವ್ವ ಹೇಳಿದ್ಲರಿ.” ಕೊರಳು ತಡವಿಕೊಂಡು ಕೇಳಿದ: “ಸಾಹೇಬ್ರ, ನನ್ನ ಲಿಂಗಾ ಅಲ್ಲೇ ಉಳದೈತ್ರಿ. ಸಿಕ್ಕಿತೇನ್ರಿ?”

ಜಪ್ತಿ ಮಾಡಿದ ಮುದ್ದೆಮಾಲು ನ್ಯಾಯಾಲಯದ ಅಪ್ಪಣೆ ಇಲ್ಲದೆ ಕೊಡುವಂತಿಲ್ಲ. ಸೋಮಪ್ಪ ಸಾಹೇಬರ ಮುಖ ನೋಡಿದ. ಸಾಹೇಬರು ಕಿಟಕಿಯ ಹೊರಗೆ ನೋಡಿದರು. ಸೋಮಪ್ಪ ಚೀಲದಿಂದ ಕರಡಿಗೆ ತೆಗೆದು, ಹಣೆಗೆ ಒತ್ತಿಕೊಂಡು, ಈಶ್ವರನ ಕೊರಳಿಗೆ ಕಟ್ಟಿದ. ಅವನು ಬೆರಳಿನಿಂದ ಅದರ ಅಂಚು ಸುತ್ತ ಸವರಿ ಸವರಿ ನೋಡಿಕೊಂಡ.

ಕೇಸು ಬೇಡ ಅಂತ ಡಾಕ್ಟರ್ ಶ್ರದ್ಧಾ ಗೋಗರೆದರು. ಲಾರಿಯ ಮಾಲೀಕರು ಬಿಡಲಿಲ್ಲ, ಮೇಲಿನವರ ಫೋನೂ ಬಂತು. ಹೆಸರು ಮರೆಸಿ ಮೋಸ, ಜೀವಕ್ಕೆ ಅಪಾಯವಾಗುವಂತೆ ನಡೆದು ತೀವ್ರ ಗಾಯ. ಎಫ್‌ಐಆರ್ ಆಯಿತು. ಕಾಶೆವ್ವ ಮೊದಲನೇ ಆರೋಪಿ, ಧನ್ಯಕುಮಾರ ಎರಡನೇ ಆರೋಪಿ. ಅವನು ತಾನಾಗಿ ಠಾಣೆಗೆ ಬಂದು ಕಟ್ಟೆಯ ಮೇಲೆ ಕೂತಿದ್ದ. ಯಾರು ಹೇಳಿದರೂ ಅನ್ನ ಮುಟ್ಟಲಿಲ್ಲ.

ಮಗದುಮ್ ಇನ್ನೊಂದು ಹೆಸರು ಸೇರಿಸಲು ಹೊರಟಿದ್ದರು: ಆ ಶೆಡ್ಡಿನ ಮಾಲಕ. ಶೆಡ್ ಮುಚ್ಚಿ, ಊರು ಬಿಟ್ಟು, ಈಗ ಎಲ್ಲೋ ಕೊಲ್ಲಾಪುರದ ಕಡೆ ಸುಖವಾಗಿದ್ದ ಆಸಾಮಿ.

“ಫಿಲ್ಮು ಐತೆಲ್ರಿ ಸಾಕ್ಷಿಗೆ?” ಅಂದರು ಡಾಕ್ಟರಿಗೆ.

“ಆ ಫಿಲ್ಮಿನ ಮ್ಯಾಲ ಧನ್ಯಕುಮಾರ ಅಂತ ಐತ್ರಿ. ನಮ್ಮ ಅಭ್ಯಾಸದಾಗಿಂದೂ ಅದನ್ನ ತಗದುಹಾಕತಾರ.”

“ಉಳದವರದು?”

“ಉಳದವರದು ತಲಿಯೊಳಗ ಲೋಹ ಐತಿ ಅಂತ ತೋರಸ್ತದ. ಯಾರು ಹಾಕಿದ್ರು ಅಂತ ಹ್ಯಾಂಗ ತೋರಸ್ತದ್ರಿ?”

“ಔಷಧಾ?”

ಶ್ರದ್ಧಾ ತಲೆ ಅಲ್ಲಾಡಿಸಿದರು. “ಹೊಕ್ಕದ್ದು ಕೆಡಿಸಿ ಆಗೇತ್ರಿ. ನೋಡಬಹುದು ಅಷ್ಟ. ನಮ್ಮ ಯಂತ್ರ ನೋಡೂದಕ್ಕ.” ಹೇಳುತ್ತ ಅವರ ಕಣ್ಣು ತುಂಬಿದವು.

ಫೆಬ್ರುವರಿ ೨೦ರ ಮಧ್ಯಾಹ್ನ ಇಂದ್ರವ್ವಳ ಸಮಕ್ಷಮ ಕಾಶೆವ್ವಳನ್ನು ದಸ್ತಗಿರಿ ಮಾಡಲಾಯಿತು. ಅವಳು ಓಡಲಿಲ್ಲ, ಓಡುವಂತೆಯೂ ಇರಲಿಲ್ಲ. ಠಾಣೆಯ ಮೆಟ್ಟಿಲ ಮೇಲೆ ಹಿಂದಕ್ಕೆ ವಾಲಿದಳು, ಸೋಮಪ್ಪ ಹಿಡಿದುಕೊಂಡ.

“ಯಂತ್ರದಾಗ ಮಲಗಿದರ ಲೋಹಾ ಬರತೈತಿ ಅಂತ ಯಾರು ಹೇಳಿದ್ರು?” ಮಗದುಮ್ ಕೇಳಿದರು.

“ಡಾಕ್ಟರ್ ಬಾಯಾರ ಹೇಳಿದ್ರಲ್ರಿ, ಊರ ಮುಂದ ಕೂಡಿಸಿ. ನಿಮ್ಮ ತಲಿಯೊಳಗ ಲೋಹಾ ಕುಂತೈತಿ, ಇದು ಭಾಳ ದೊಡ್ಡ ಅಯಸ್ಕಾಂತ ಅಂತ.”

“ತಗೀತೇವಿ ಅಂದ್ರೇನು?”

“ಅದನ್ನ ಬಾಯಿ ಬಿಟ್ಟು ಹೇಳಬೇಕೇನ್ರಿ? ಶೆಡ್ಡಿನಾಗ ನನ್ನ ಕೈಯಾಗ ಅಯಸ್ಕಾಂತ ಕೊಟ್ಟು, ಆರಸ್ ಅಂತ ಯಾರೂ ಹೇಳಲಿಲ್ಲ. ಕೊಟ್ಟದ್ದ ಅದಕ್ಕ.”

ಮಗದುಮ್ ಪೆನ್ನು ಕೆಳಗಿಟ್ಟರು. ಊರವರನ್ನೆಲ್ಲ ಕೂಡಿಸಿ, ಕಲಿತವರು ಹೇಳಿದ ಎರಡು ಮಾತೂ ನಿಜವೇ ಆಗಿದ್ದವು. ಆ ಎರಡನ್ನು ಸೇರಿಸಿ ಅವಳು ಮಗನಿಗೆ ಒಂದು ಆಯುಷ್ಯ ಲೆಕ್ಕ ಹಾಕಿದ್ದಳು. “ಎಲ್ಲಾರೂ ಮಲಗಿ ಬಂದ್ರು,” ಅಂದಳು, “ಇವನ್ನೊಬ್ಬನ್ನ ಬಾಗಲದಿಂದ ತಿರಗಿಸಿದ್ರು. ಇವ ಏನು ಪಾಪಾ ಮಾಡಿದ್ದ? ಹೊಟ್ಯಾಗ ಇದ್ದಾಗ ಆ ಪುಡಿಯಾಗ ಕುಂತಾಕಿ ನಾನು. ತುಂಬಿದಾಕಿ ನಾನು, ತಗಿಯಾಕಿ ನಾನ ಆಗಬೇಕಲ್ರಿ.”

ಹೇಳಿಕೆಯ ಕೊನೆಗೆ ಮಗದುಮ್ ಬರೆದರು: ‘ಆರೋಪಿಯು ಲಾಭದ ಉದ್ದೇಶದಿಂದಾಗಲಿ ದ್ವೇಷದಿಂದಾಗಲಿ ವರ್ತಿಸಿರುವುದಿಲ್ಲ. ಮಗನ ರೋಗ ಗುಣವಾಗುವುದೆಂಬ ತಪ್ಪು ತಿಳುವಳಿಕೆಯೇ ಕಾರಣವಾಗಿರುತ್ತದೆ.’ ಕಾಯಿದೆಯ ಪ್ರಕಾರ ಓದಿ ಹೇಳಿದರು. ಇಂದ್ರವ್ವ ಅವಳ ಹೆಬ್ಬೆರಳನ್ನು ಹಿಡಿದು ಶಾಯಿ ಹಚ್ಚಿದಳು.

ಕಾಶೆವ್ವ ಬೆರಳು ಒತ್ತಲಿಲ್ಲ.

“ತಪ್ಪು ತಿಳುವಳಿಕಿ ಹ್ಯಾಂಗ್ರಿ ಸಾಹೇಬ್ರ?” ಅಂದಳು. “ಎಳೀತಲ್ರಿ ಅದು. ಇಷ್ಟು ವರ್ಷ ಕಣ್ಣಾಗ ಕುಂತ ಕಬ್ಬಣಾನ ಎಳೀತು. ತಲಿಯಾಗಿಂದು ಒಳಗ ಐತಿ, ತಡಾ ಆಗತೈತಿ. ಇನ್ನೊಂದು ಪಾಳಿ ಕೊಡಸ್ರಿ. ನಿಮ್ಮ ಕಾಲ ಬೀಳತೇನಿ, ಒಂದ ಪಾಳಿ.”

ಸ್ಕ್ಯಾನ್ ಲಾರಿ ಆ ಬೆಳಿಗ್ಗೆಯೇ ಗೋಕಾಕ ಬಿಟ್ಟು ಪುಣೆಯ ದಾರಿ ಹಿಡಿದಿತ್ತು. ಮಗದುಮ್ ಅವರಿಗೆ ಅದು ಗೊತ್ತಿತ್ತು.

“ನೋಡೂಣಬೇ ಯವ್ವಾ,” ಅಂದರು.

ಆಗ ಅವಳು ಬೆರಳು ಒತ್ತಿದಳು.